ಎರಡು ಏಳು, ಏಳು ಎರಡು

ಆ ಊರಿಗೆ ಒಳಗೆ ಹೋಗಲು ಒಂದೇ ಬಾಗಿಲು. ಬಾಗಿಲ ಪಕ್ಕದಲ್ಲಿ ಕಲ್ಲಿನ ಜಗಲಿ, ಜಗಲಿಯ ಮೇಲೆ ಒಬ್ಬ ಹೆಂಗಸು, ಅವಳ ಮುಂದೆ ಮರಳು ಹರಡಿದ ಒಂದು ತಟ್ಟೆ. ಅವಳನ್ನು ಊರವರು ತಾಳೆಯವಳು ಅನ್ನುತ್ತಾರೆ. ಬೆಳಗಿನಿಂದ ಹೊತ್ತು ಇಳಿಯುವವರೆಗೆ ಬಂದ ಸರಕನ್ನೂ ಬಂದ ಜನವನ್ನೂ ತಾಳೆ ನೋಡುವುದು ಅವಳ ಕೆಲಸ. ತಾಳೆಯಾದರೆ ಊರೊಳಗೆ, ಆಗದಿದ್ದರೆ ಹೊರಬಯಲಿಗೆ. ಮೂರನೆಯ ದಾರಿಯೊಂದಿರಬಹುದು ಎಂದು ಆ ಊರಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಮೊದಲು ಇದು ಸರಕಿಗಷ್ಟೇ ಇದ್ದ ನೇಮವಂತೆ. ಸೋಪಿನ ಪೆಟ್ಟಿಗೆ, ಬೆಂಕಿಪೊಟ್ಟಣದ ಕಟ್ಟು, ಎಣ್ಣೆಯ ಡಬ್ಬ, ಎಲ್ಲದರ ಮೈಮೇಲೂ ಕಪ್ಪು ಗೆರೆಗಳ ಒಂದು ಪಟ್ಟಿ; ಕೆಲವು ದಪ್ಪ, ಕೆಲವು ಕೂದಲೆಳೆಯಷ್ಟು ಸಣ್ಣ. ಗೆರೆಗಳ ಕೆಳಗೆ ಅಂಕಿಗಳ ಸಾಲು. ಮೊದಲ ಆರು ಅಂಕಿ ಸರಕಿನವು, ಏಳನೆಯದು ಸಾಕ್ಷಿ. ಸಾಕ್ಷಿಯನ್ನು ಮನಸ್ಸಿಗೆ ಬಂದ ಹಾಗೆ ಇಡುವಂತಿಲ್ಲ, ಅದು ಆ ಆರರ ಹೊಟ್ಟೆಯಿಂದಲೇ ಹುಟ್ಟಬೇಕು. ಮೊದಲನೆಯದನ್ನು ಹಾಗೇ ತಗೋ, ಎರಡನೆಯದನ್ನು ಮೂರು ಪಟ್ಟು ಮಾಡು. ಮೂರನೆಯದು ಹಾಗೇ, ನಾಲ್ಕನೆಯದು ಮೂರು ಪಟ್ಟು. ಐದನೆಯದು ಹಾಗೇ, ಆರನೆಯದು ಮೂರು ಪಟ್ಟು. ಎಲ್ಲ ಕೂಡು. ಮೊತ್ತದ ಕೊನೆಗೆ ಸೊನ್ನೆ ಬರಲು ಎಷ್ಟು ಸಾಲದೋ ಅಷ್ಟು ಸಾಕ್ಷಿ. ಸಾಕ್ಷಿ ಸೇರಿದಾಗ ಸೊನ್ನೆ ಬಂತೋ, ಸಾಲು ಸರಿ. ಬರಲಿಲ್ಲವೋ, ಬರೆದವನ ಕೈಯಾದರೂ ಎಡವಿದೆ, ಓದಿದವಳ ಕಣ್ಣಾದರೂ ಎಡವಿದೆ. ಎಲ್ಲಿ ಎಡವಿದೆ ಎಂದು ಸಾಕ್ಷಿ ಹೇಳುವುದಿಲ್ಲ, ಎಡವಿದೆ ಎಂದಷ್ಟೇ ಹೇಳುತ್ತದೆ.

ಆಮೇಲೆ ಯಾವಾಗಲೋ ಒಬ್ಬ ಬುದ್ಧಿವಂತನಿಗೆ, ಸೋಪಿಗಿರುವ ಭದ್ರತೆ ಮನುಷ್ಯನಿಗೇಕೆ ಬೇಡ ಅನ್ನಿಸಿತು. ಬುದ್ಧಿವಂತರಿಗೆ ಅನ್ನಿಸಿದ್ದನ್ನು ತಡೆಯುವವರು ಯಾರು? ಅಂದಿನಿಂದ ಜನಕ್ಕೂ ಸಾಲು ಬಂತು, ಹೆಸರು ಹೋಯಿತು. ಸರಕಿಗೆ ಬಾಯಿಲ್ಲ, ಅದಕ್ಕೆ ಮೈಮೇಲೆ ಬರೆಯುತ್ತಾರೆ. ಮನುಷ್ಯರಿಗೆ ಬಾಯಿದೆ, ಅದಕ್ಕೆ ಎಲ್ಲಿಯೂ ಬರೆಯುವುದಿಲ್ಲ. ಮಗು ಹುಟ್ಟಿದ ದಿನ ತಾಯಿ ಆರು ಅಂಕಿ ಆರಿಸಿ, ಮನಸ್ಸಿನಲ್ಲೇ ಕೂಡಿ, ಏಳನೆಯದನ್ನು ಸೇರಿಸಿ ಕಿವಿಯಲ್ಲಿ ಹೇಳುತ್ತಾಳೆ. ಆ ಸಾಲು ತಾಯಿಗೆ ಗೊತ್ತು, ಮಗುವಿಗೆ ಗೊತ್ತು. ಮೂರನೆಯವರು ಅದನ್ನು ನೆನಪಿಟ್ಟುಕೊಂಡರೆ ಪಾಪ. ಆದ್ದರಿಂದ ಬಾಗಿಲಲ್ಲಿ ಒಬ್ಬರು ಸಾಲು ಹೇಳುವಾಗ ಹಿಂದೆ ನಿಂತವರೆಲ್ಲ ಅಂಗೈಯಿಂದ ಕಿವಿ ಮುಚ್ಚಿಕೊಳ್ಳುತ್ತಾರೆ. ತಲೆಹೊರೆ ಇದ್ದವರು ಹೊರೆ ಇಳಿಸಿ ಮುಚ್ಚಿಕೊಳ್ಳುತ್ತಾರೆ.

ತಾಳೆಯವಳಿಗೆ ಮಾತ್ರ ಕಿವಿ ಮುಚ್ಚುವ ಸುಖವಿಲ್ಲ. ಅವಳು ಕೇಳಲೇಬೇಕು, ಕೇಳಿದ ಗಳಿಗೆಯಲ್ಲೇ ಮರೆಯಬೇಕು. ಬಂದವರ ಬಾಯಿ ನೋಡುತ್ತಾಳೆ, ಮುಖ ನೋಡುವುದಿಲ್ಲ. ಮುಖ ನೋಡಿದರೆ ಲೆಕ್ಕಕ್ಕೆ ದಾಕ್ಷಿಣ್ಯ ಹತ್ತುತ್ತದೆ. ಅಂಕಿ ಬೀಳುತ್ತಿದ್ದ ಹಾಗೆ ಕೂಡುತ್ತಾ ಹೋಗಿ, ಕೊನೆಯ ಮೊತ್ತವನ್ನು ಬೆರಳಿನಿಂದ ಮರಳಲ್ಲಿ ಬರೆಯುತ್ತಾಳೆ. "ತಾಳೆ" ಅನ್ನುತ್ತಾಳೆ. ಅಂಗೈಯಿಂದ ಮರಳು ಒರೆಸುತ್ತಾಳೆ. ಇಲ್ಲವೇ, "ತಾಳೆಯಿಲ್ಲ" ಅನ್ನುತ್ತಾಳೆ. ಅಂಗೈಯಿಂದ ಮರಳು ಒರೆಸುತ್ತಾಳೆ. ಮರಳಿನ ಜೊತೆ ತಲೆಯೂ ಒರೆಸಿಹೋಗುತ್ತದೆ. ಈ ವಿದ್ಯೆಯಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಇಪ್ಪತ್ತು ವರ್ಷದಲ್ಲಿ ಒಂದು ತಪ್ಪೂ ಅವಳ ಕೈ ತಪ್ಪಿಸಿಕೊಂಡು ಒಳಗೆ ಹೋಗಿಲ್ಲ ಎಂದು ಊರು ಹೇಳುತ್ತಿತ್ತು, ಅವಳೂ ಹಾಗೇ ತಿಳಿದಿದ್ದಳು.

ಒಮ್ಮೆ ಗಾಣದವನು ಬಂದ. ಬೆಳಿಗ್ಗೆ ಎದ್ದು ಹೋದವನು, ಮಧ್ಯಾಹ್ನದ ಬಿಸಿಲಲ್ಲಿ ತಲೆ ಸುತ್ತಿ ಬಿದ್ದು, ಸುಧಾರಿಸಿಕೊಂಡು ಬಂದಿದ್ದ. ಸಾಲು ಹೇಳಿದ. ಕೂಡಲಿಲ್ಲ.

"ಇನ್ನೊಂದ್ಸಲ ಹೇಳಿ," ಎಂದಳು.

ಹೇಳಿದ. ಕೂಡಲಿಲ್ಲ.

"ಅಯ್ಯೋ, ನಾನೇ ಕಣಮ್ಮ. ನಿಮ್ಮ ಪಕ್ಕದ ಬೀದಿಯೋನು. ನಿಮ್ಮನೆಗೆ ಎಣ್ಣೆ ಕೊಡೋನು ನಾನೇ ಅಲ್ವಾ?"

"ಅಂಕಿ ಹೇಳಿ, ಅಣ್ಣಾ. ಇದು ಮೂರನೇದು."

ಮೂರನೆಯದೂ ಕೂಡಲಿಲ್ಲ. "ತಾಳೆಯಿಲ್ಲ" ಎಂದು ಮರಳು ಒರೆಸಿದಳು. ಅವನು ಹೊರಬಯಲಿನ ಕಡೆ ನಡೆದ. ಅಲ್ಲಿಗೆ ಹೋದವರು ತಿರುಗಿ ಬರುವುದಿಲ್ಲ. ಅಲ್ಲಿ ಸಾಯುವುದೂ ಇಲ್ಲ, ಇರುತ್ತಾರೆ, ಅಷ್ಟೆ. ಆ ವಾರ ಮನೆಯಲ್ಲಿ ಎಣ್ಣೆ ತೀರಿದಾಗ ತಾಳೆಯವಳು ಬೇರೆ ಗಾಣದಿಂದ ತಂದಳು. ದುಃಖವಾಯಿತೇ ಎಂದು ಕೇಳಬೇಡಿ. ಇಪ್ಪತ್ತು ವರ್ಷ ಒರೆಸಿದ ಅಂಗೈ ಅದು. ಚರ್ಮ ದಪ್ಪಗಾದ ಹಾಗೆ ಒಳಗೂ ಏನೋ ದಪ್ಪಗಾಗಿತ್ತು.

ಅವಳಿಗೊಬ್ಬ ಮಗಳಿದ್ದಳು. ಆ ಊರಿನ ಮಕ್ಕಳನ್ನು ಐದು ತುಂಬಿದ ಕೂಡಲೇ ಗುಡ್ಡದಾಚೆ ಕಳಿಸುತ್ತಾರೆ, ಸರಕಿನ ಮೇಲೆ ಗೆರೆ ಎಳೆಯುವ ವಿದ್ಯೆ ಕಲಿಯಲು. ದಪ್ಪ ಗೆರೆ, ಸಣ್ಣ ಗೆರೆ, ನಡುವಿನ ಬಿಳಿ, ಇಷ್ಟು ಕಲಿಯಲು ಹದಿನಾಲ್ಕು ವರ್ಷ. ಹತ್ತೊಂಬತ್ತಕ್ಕೆ ಮರಳಿ ಬರುತ್ತಾರೆ. ಐದರ ಮುಖ ಹತ್ತೊಂಬತ್ತರಲ್ಲಿ ಉಳಿದಿರುವುದಿಲ್ಲ, ಉಳಿಯುವುದು ಸಾಲು ಮಾತ್ರ. ತಾಳೆಯವಳು ದಿನಾ ಬೆಳಿಗ್ಗೆ ಜಗಲಿಗೆ ಹೊರಡುವ ಮುಂಚೆ ಒಲೆಯ ಮುಂದೆ ಕೂತು ಮಗಳ ಸಾಲನ್ನು ಒಮ್ಮೆ ತುಟಿಯಲ್ಲೇ ಹೇಳಿಕೊಳ್ಳುತ್ತಿದ್ದಳು, ಕೂಡುತ್ತಿದ್ದಳು, ಸೊನ್ನೆ ಬಂದ ಮೇಲೆ ಎದ್ದು ಸೆರಗು ಕೊಡವುತ್ತಿದ್ದಳು. ಅದೇ ಅವಳ ಪೂಜೆ, ಅದೇ ಅವಳ ತಾಯ್ತನ.

ಹದಿನಾಲ್ಕನೆಯ ವರ್ಷ ಒಂದು ಬೆಳಿಗ್ಗೆ ಒಬ್ಬ ಹುಡುಗಿ ಜಗಲಿಯ ಮುಂದೆ ಬಂದು ನಿಂತಳು. ಬೆರಳ ತುದಿಗಳೆಲ್ಲ ಮಸಿ.

"ನಾಲ್ಕು, ಒಂದು, ಎರಡು, ಏಳು, ಮೂರು, ಐದು. ಸಾಕ್ಷಿ ಎರಡು."

ನಾಲ್ಕು. ಮೂರು ಸೇರಿ ಏಳು. ಎರಡು ಸೇರಿ ಒಂಬತ್ತು. ಇಪ್ಪತ್ತೊಂದು ಸೇರಿ ಮೂವತ್ತು. ಮೂವತ್ತಮೂರು. ನಲವತ್ತೆಂಟು. ಸಾಕ್ಷಿ ಎರಡು, ಐವತ್ತು. ತಾಳೆಯವಳು ಮರಳಲ್ಲಿ ಐವತ್ತು ಬರೆದಳು. ಒರೆಸಲು ಕೈ ಏಳಲಿಲ್ಲ.

"ತಾಳೆ," ಎಂದಳು. ಆಮೇಲೆ, "ನಮ್ಮನೆ ಕುಂಬಾರಬೀದಿಯ ಕೊನೇದು. ಹೋಗು. ಒಲೆ ಮೇಲೆ ಗಂಜಿ ಇದೆ," ಎಂದಳು.

ಸಂತೋಷವಾಯಿತೇ? ಆಗಬೇಕಿತ್ತು. ಸಂಜೆ ಮನೆಗೆ ಹೋದಾಗ ಹುಡುಗಿ ನೆಲ ಸಾರಿಸಿ, ಪಾತ್ರೆ ತೊಳೆದು, ಬೀಸುವ ಕಲ್ಲಿನ ಮೇಲೆ ಅಭ್ಯಾಸಬಲದಿಂದ ನಾಲ್ಕು ಗೆರೆ ಎಳೆದಿಟ್ಟಿದ್ದಳು. ಎದುರುಬದುರು ಕೂತು ಉಂಡರು. ಹುಡುಗಿ "ಅಮ್ಮಾ" ಎಂದು ಕರೆದಾಗ ಇವಳಿಗೆ ಪಕ್ಕದ ಮನೆಯವರನ್ನು ಕರೆದ ಹಾಗೆ ಕೇಳಿಸಿತು. ಏನೂ ಅನ್ನಿಸಲಿಲ್ಲ. ಏನೂ ಅನ್ನಿಸಲಿಲ್ಲವಲ್ಲ ಎಂದು ಸ್ವಲ್ಪ ನಾಚಿಕೆಯಾಯಿತು, ಆ ನಾಚಿಕೆಯೂ ಉಂಡು ಕೈ ತೊಳೆಯುವಷ್ಟರಲ್ಲಿ ಹೋಯಿತು.

ಎಂಟನೆಯ ದಿನ ಇನ್ನೊಬ್ಬಳು ಬಂದಳು. ಕಾಲಿಗೆ ಬಟ್ಟೆ ಸುತ್ತಿಕೊಂಡು, ಕೋಲೂರಿಕೊಂಡು. ಇವಳ ಬೆರಳ ತುದಿಗಳೂ ಮಸಿ. ಹಿಂದಿದ್ದವರು ಕಿವಿ ಮುಚ್ಚಿಕೊಂಡರು.

"ನಾಲ್ಕು, ಒಂದು, ಏಳು, ಎರಡು, ಮೂರು, ಐದು. ಸಾಕ್ಷಿ ಎರಡು."

ನಾಲ್ಕು. ಏಳು. ಏಳು ಸೇರಿ ಹದಿನಾಲ್ಕು. ಆರು ಸೇರಿ ಇಪ್ಪತ್ತು. ಇಪ್ಪತ್ತಮೂರು. ಮೂವತ್ತೆಂಟು. ಸಾಕ್ಷಿ ಎರಡು, ನಲವತ್ತು. ಬೆರಳು ತಾನಾಗಿಯೇ ನಲವತ್ತು ಬರೆಯಿತು, ಬಾಯಿ ತಾನಾಗಿಯೇ "ತಾಳೆ" ಎಂದಿತು. ಹುಡುಗಿ ಹೊಸ್ತಿಲು ದಾಟಿ ಒಳಗೆ ಬಂದು ನಿಂತಳು.

"ಅಮ್ಮಾ, ನಮ್ಮನೆ ಯಾವ ಕಡೆ?" ಎಂದು ಕೇಳಿದಳು. "ನಾನು ನಿನ್ನ ಮಗಳು. ದಾರೀಲಿ ಜ್ವರ ಬಂದು ತಡವಾಯ್ತು."

ತಾಳೆಯವಳ ಕೈ ಮರಳಿನ ಮೇಲೇ ನಿಂತಿತು. ಏಳು, ಎರಡು. ತಾನು ಹೆತ್ತ ದಿನ ಕಿವಿಯಲ್ಲಿ ಹೇಳಿದ್ದು ಇದೇ ಅಲ್ಲವೇ? ಅಲ್ಲ, ಎರಡು ಏಳು. ದಿನಾ ಒಲೆಯ ಮುಂದೆ ಹೇಳಿಕೊಂಡದ್ದು ಯಾವುದು? ಹೇಳಿಕೊಂಡದ್ದು ನೆನಪಿದೆ, ಸೊನ್ನೆ ಬಂದದ್ದು ನೆನಪಿದೆ. ಸೊನ್ನೆ ಬಂದ ಮೇಲೆ ಇನ್ನೇನನ್ನೂ ನೋಡುವ ಅಗತ್ಯ ಅವಳಿಗೆ ಎಂದೂ ಬಿದ್ದಿರಲಿಲ್ಲ. ಎರಡು ಏಳು ಎಂದು ಹೇಳಿ ನೋಡಿದಳು, ನಾಲಿಗೆಗೆ ಸರಿ ಅನ್ನಿಸಿತು. ಏಳು ಎರಡು ಎಂದು ಹೇಳಿ ನೋಡಿದಳು, ಅದೂ ಸರಿ ಅನ್ನಿಸಿತು.

ಮೊದಲು ಬಂದವಳನ್ನು ಕರೆಸಿದಳು. ಅವಳು ಬರುತ್ತಿದ್ದ ಹಾಗೆ ಎರಡನೆಯವಳನ್ನು ನೋಡಿ ಓಡಿ ಬಂದು ಅಪ್ಪಿಕೊಂಡಳು. "ಬಂದ್ಯಾ! ಸತ್ತೇಹೋದೆ ಅಂದ್ಕೊಂಡಿದ್ನಲ್ಲೇ!"

"ನಿಮ್ಮಿಬ್ಬರಿಗೂ ಮೊದಲೇ ಪರಿಚಯವೇನು?" ಎಂದಳು ತಾಳೆಯವಳು.

ಹುಡುಗಿಯರು ಮುಖ ಮುಖ ನೋಡಿಕೊಂಡರು. ಮೊದಲು ಬಂದವಳು ಹೇಳಿದಳು: "ಗುಡ್ಡದಾಚೆ ಹೋದ ಮೊದಲನೇ ದಿನ ನಮ್ಮಿಬ್ಬರಲ್ಲಿ ಒಬ್ಬಳು ಅತ್ತು ಅತ್ತು ಸಾಲು ಮರೆತುಬಿಟ್ಲು. ಸಾಲು ಇಲ್ಲದಿದ್ರೆ ಊರಿಗೆ ವಾಪಸ್ ಸೇರಿಸಲ್ವಲ್ಲ. ಅದಕ್ಕೆ ಇನ್ನೊಬ್ಬಳು ತನ್ನ ಸಾಲನ್ನೇ ಕಲಿಸಿಕೊಟ್ಲು, ತನ್ನಮ್ಮ ತಾಳೆಯವಳು ಅನ್ನೋದನ್ನೂ ಸೇರಿಸಿ."

"ಮರೆತೋಳು ಯಾರು? ಕಲಿಸಿದೋಳು ಯಾರು?"

"ಅದೇ ಗೊತ್ತಿಲ್ಲ, ಅಮ್ಮಾ," ಎಂದಳು ಎರಡನೆಯವಳು. "ಐದು ವರ್ಷದ ಮಕ್ಕಳು. ಒಬ್ಬಳು ಅಳ್ತಿದ್ದದ್ದು ನೆನಪಿದೆ, ಇನ್ನೊಬ್ಬಳು ಕಿವೀಲಿ ಹೇಳ್ತಿದ್ದದ್ದು ನೆನಪಿದೆ. ಒಂದ್ಸಲ ಅತ್ತೋಳು ನಾನೇ ಅನ್ಸತ್ತೆ, ಇನ್ನೊಂದ್ಸಲ ಹೇಳ್ದೋಳು ನಾನು ಅನ್ಸತ್ತೆ. ಕಲಿಯೋವಾಗ ಎಲ್ಲೋ ಎರಡು ಏಳು ಹಿಂದೆ ಮುಂದೆ ಆಗಿದೆ. ಕೂಡಿದ್ರೆ ಸೊನ್ನೆ ಬರ್ತಿತ್ತು. ಸೊನ್ನೆ ಬಂದ್ಮೇಲೆ ಸರಿ ಅಂತ ಸುಮ್ಮನಾದ್ವಿ."

ತಾಳೆಯವಳೂ ಅದನ್ನೇ ಮಾಡಿದ್ದಳು.

ಒಂದು ಮನೆಗೆ ಒಂದೇ ಮಗಳ ಸಾಲು ಎಂದಿರುವಾಗ ಇಬ್ಬರು ಬಂದು ನಿಂತರೆ ನ್ಯಾಯ ಹೇಳಬೇಕಾದವನು ಊರ ಹಿರೀಕ. ಅವನು ಬಂದು ಜಗಲಿಯ ಎದುರು ಮಣೆ ಹಾಕಿಸಿಕೊಂಡು ಕೂತ. ಊರೂ ಸೇರಿತು. ಹಿರೀಕ ಕೆಟ್ಟವನಲ್ಲ, ನೇಮ ಬಿಟ್ಟು ಬೇರೇನೂ ಗೊತ್ತಿಲ್ಲದವನು.

"ಇದ್ರಲ್ಲಿ ಕಷ್ಟ ಏನಿದೆ?" ಎಂದ. "ಹೆತ್ತವಳ ಬಾಯಲ್ಲಿ ಬಂದದ್ದೇ ಸಾಲು. ನೀನು ಹೇಳಮ್ಮ. ನೀನು ಹೇಳಿದ್ದು ಯಾರ ಸಾಲೋ ಅವಳು ನಿನ್ನ ಮಗಳು. ಇನ್ನೊಬ್ಬಳು ಹೊರಬಯಲಿಗೆ."

ತಾಳೆಯವಳು ಹೇಳಿದಳು. ನಾಲ್ಕು, ಒಂದು, ಎರಡು, ಏಳು, ಮೂರು, ಐದು, ಎರಡು. ಮರಳಲ್ಲಿ ಐವತ್ತು ಬರೆದಳು. ಎರಡನೆಯ ಹುಡುಗಿ ಕೋಲು ಎತ್ತಿಕೊಂಡು ಬಾಗಿಲ ಕಡೆ ತಿರುಗಿದಳು. ಅಳಲಿಲ್ಲ, ವಾದ ಮಾಡಲಿಲ್ಲ. ಆ ಊರಿನ ಮಕ್ಕಳಿಗೆ ಅದನ್ನು ಯಾರೂ ಕಲಿಸಿರುವುದಿಲ್ಲ.

"ಇರು," ಎಂದಳು ತಾಳೆಯವಳು. "ಇನ್ನೊಂದಿದೆ." ನಾಲ್ಕು, ಒಂದು, ಏಳು, ಎರಡು, ಮೂರು, ಐದು, ಎರಡು. ಐವತ್ತರ ಪಕ್ಕದಲ್ಲಿ ನಲವತ್ತು ಬರೆದಳು. "ಎರಡೂ ತಾಳೆಯಾಗುತ್ತೆ."

ಅಂದು ಯಾರೂ ಕಿವಿ ಮುಚ್ಚಿಕೊಂಡಿರಲಿಲ್ಲ. ಹಿರೀಕ ಮುಂದೆ ಬಗ್ಗಿ ಮರಳನ್ನು ನೋಡಿದ. "ಅದು ಹೇಗಾಗುತ್ತೆ? ಅಂಕಿ ಹಿಂದೆ ಮುಂದೆ ಆದ್ರೆ ಸಾಕ್ಷಿ ಹಿಡಿದುಕೊಡುತ್ತೆ. ಅದಕ್ಕೇ ಅಲ್ವಾ ಒಂದನ್ನ ಹಾಗೇ ಬಿಟ್ಟು ಇನ್ನೊಂದನ್ನ ಮೂರು ಪಟ್ಟು ಮಾಡೋದು?"

"ಹಿಡಿಯುತ್ತೆ, ಸ್ವಾಮಿ. ಒಂದೇ ಅಂಕಿ ತಪ್ಪಿದ್ರೆ ಖಂಡಿತ ಹಿಡಿಯುತ್ತೆ. ಪಕ್ಕಪಕ್ಕದವು ಜಾಗ ಬದಲಾಯಿಸಿದ್ರೂ ಹೆಚ್ಚಾಗಿ ಹಿಡಿಯುತ್ತೆ. ಆದ್ರೆ ಎರಡಕ್ಕೂ ಏಳಕ್ಕೂ ಐದರ ಅಂತರ. ಅವು ಜಾಗ ಬದಲಾಯಿಸಿದ್ರೆ ಮೊತ್ತದಲ್ಲಿ ಸರಿಯಾಗಿ ಹತ್ತು ಹೆಚ್ಚುಕಮ್ಮಿ. ಹತ್ತು ಹೋದ್ರೂ ಕೊನೇ ಸೊನ್ನೆ ಸೊನ್ನೇನೇ. ಒಂದಕ್ಕೆ ಆರು, ಮೂರಕ್ಕೆ ಎಂಟು, ನಾಲ್ಕಕ್ಕೆ ಒಂಬತ್ತು, ಸೊನ್ನೆಗೆ ಐದು, ಇವೂ ಹಾಗೇ."

"ಯಾವಾಗಿನಿಂದ ಗೊತ್ತು ನಿಂಗಿದು?"

"ಇವತ್ತಿನಿಂದ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಹಾಗೆ ಒಬ್ಬೊಬ್ಬರೂ ಒಳಗೊಳಗೇ ತಮ್ಮ ಸಾಲು ಹೇಳಿಕೊಂಡು ನೋಡಿದರು: ಎಲ್ಲಾದರೂ ಒಂದರ ಪಕ್ಕ ಆರು ಅಂಟಿಕೊಂಡಿದೆಯೇ, ಮೂರರ ಪಕ್ಕ ಎಂಟು? ಇದ್ದವರ ಮುಖದ ಬಣ್ಣ ಹೋಯಿತು. ಇಲ್ಲದವರು ಪಕ್ಕದಲ್ಲಿ ನಿಂತ ಮಗನನ್ನು, ಸೊಸೆಯನ್ನು ಓರೆಗಣ್ಣಿನಿಂದ ನೋಡಿದರು. ಇವರೂ ಗುಡ್ಡದಾಚೆಯಿಂದ ಅಂಕಿ ಹೇಳಿಕೊಂಡು ಬಂದವರೇ ತಾನೆ.

ಹಿರೀಕನಿಗೆ ಸಿಟ್ಟು ಬಂತು. ಲೆಕ್ಕದ ಮೇಲೆ ಸಿಟ್ಟು ಮಾಡುವಂತಿಲ್ಲ, ಲೆಕ್ಕ ಹೇಳಿದವಳ ಮೇಲೆ ಮಾಡಿದ. "ಅದೆಲ್ಲ ಬೇಡ. ಎರಡು ಹೇಳಿದ್ರೆ ಒಂದೂ ಹೇಳಿದ ಹಾಗಲ್ಲ. ಒಂದೇ ಸಾಲು ಹೇಳು, ಅದೇ ಕೊನೆ. ಇನ್ನೊಂದು ಮಾತು ಮೊದಲೇ ಹೇಳಿಬಿಡ್ತೀನಿ. ಹೆತ್ತವಳ ಬಾಯಲ್ಲೇ ಸಾಲು ಮೂರು ಸಲವೂ ಕೂಡದಿದ್ರೆ ತಪ್ಪು ಹೆತ್ತವಳದ್ದು, ಮಕ್ಕಳದ್ದಲ್ಲ. ಹೊಸ್ತಿಲು ದಾಟಿ ಒಳಗೆ ಬಂದವರು ಒಳಗೇ ಇರ್ತಾರೆ, ಹೆತ್ತವಳು ಹೊರಗೆ. ಅದಕ್ಕೇ ನೋಡಿಕೊಂಡು, ಸಾವಧಾನವಾಗಿ ಹೇಳು."

ಅವನು ಹೆದರಿಸಲೆಂದು ಹೇಳಿದ್ದು. ತಾಳೆಯವಳು ಮಾತ್ರ ಅದನ್ನು ಬೇರೆ ರೀತಿಯಲ್ಲಿ ಕೇಳಿಸಿಕೊಂಡಳು.

ಅವಳು ತಲೆಯೆತ್ತಿ ಇಬ್ಬರ ಮುಖವನ್ನೂ ನೋಡಿದಳು. ಇಪ್ಪತ್ತು ವರ್ಷದಲ್ಲಿ ಆ ಜಗಲಿಯಿಂದ ನೋಡಿದ ಮೊದಲ ಮುಖಗಳು. ಇವಳ ಮೂಗು ನನ್ನದು, ಅವಳ ಹಣೆ ನನ್ನದು ಎಂದು ಏನಾದರೂ ಹೊಳೆದೀತೆಂದು ಕಾದಳು. ಹೊಳೆಯಲಿಲ್ಲ. ಎದೆಯೊಳಗೆ ಏನೋ ಕರಗಿತು ಎಂದು ಬರೆಯಲು ನನಗೂ ಆಸೆಯಿದೆ, ಆದರೆ ಕರಗಲಿಲ್ಲ. ಇಬ್ಬರೂ ದಣಿದ ಹುಡುಗಿಯರು, ಇಬ್ಬರ ಬೆರಳಲ್ಲೂ ಮಸಿ. ಒಬ್ಬಳು ತನ್ನದನ್ನು ಕೊಟ್ಟವಳು, ಒಬ್ಬಳು ಅದನ್ನು ಹದಿನಾಲ್ಕು ವರ್ಷ ಜೋಪಾನ ಮಾಡಿದವಳು. ತಾಳೆಯವಳಿಗೆ ಗೊತ್ತಿದ್ದದ್ದು ಅಷ್ಟೇ. ಯಾವ ಸಾಲು ಹೇಳಿದರೂ ತಾಳೆಯಾಗುತ್ತದೆ, ಮತ್ತು ಯಾವ ಸಾಲು ಹೇಳಿದರೂ ಒಬ್ಬಳು ಕೋಲೂರಿಕೊಂಡೋ ಊರದೆಯೋ ಆ ಬಾಗಿಲು ದಾಟಬೇಕು.

"ನಾಲ್ಕು, ಒಂದು, ಎರಡು, ಏಳು, ಮೂರು, ಐದು," ಎಂದಳು. "ಸಾಕ್ಷಿ ಮೂರು."

ಬೆರಳು ಮರಳಲ್ಲಿ ಐವತ್ತೊಂದು ಬರೆಯಿತು. ಆ ಊರಿನಲ್ಲಿ ತಾಳೆ, ತಾಳೆಯಿಲ್ಲ ಎನ್ನುವ ಬಾಯಿ ಒಂದೇ ಇದ್ದದ್ದು, ಅವಳದೇ.

"ತಾಳೆಯಿಲ್ಲ," ಎಂದಳು ತಾಳೆಯವಳು. ಅಂಗೈಯಿಂದ ಮರಳು ಒರೆಸಿದಳು.

ಹಿರೀಕ ಮಣೆಯ ಮೇಲೆ ಅಲ್ಲಾಡಿ ಕೂತ. "ಇನ್ನೂ ಎರಡು ಸಲ ಇದೆ. ಗಾಬರಿ ಆಗಿರಬೇಕು ನಿಂಗೆ. ಮತ್ತೆ ಹೇಳು."

"ನಾಲ್ಕು, ಒಂದು, ಎರಡು, ಏಳು, ಮೂರು, ಐದು. ಸಾಕ್ಷಿ ಮೂರು." ಐವತ್ತೊಂದು. "ತಾಳೆಯಿಲ್ಲ." ಅಂಗೈಯಿಂದ ಮರಳು ಒರೆಸಿದಳು.

ಹಿರೀಕನ ದನಿ ತಗ್ಗಿತು. ನೇಮ ಬಿಟ್ಟು ಬೇರೇನೂ ಗೊತ್ತಿಲ್ಲದವನು ಅಂದು ನೇಮ ಬಿಟ್ಟು ಒಂದು ಮಾತಾಡಿದ. "ಎರಡು ಅಲ್ವೇನಮ್ಮಾ ಅದು? ಈಗಿನ್ನೂ ನೀನೇ ಎರಡು ಅಂದ್ಯಲ್ಲ. ಇಷ್ಟು ಜನ ಕೇಳಿದ್ದೀವಿ."

"ಅಮ್ಮಾ, ಎರಡು," ಎಂದಳು ಮೊದಲು ಬಂದವಳು.

"ಎರಡು ಅನ್ನಮ್ಮಾ," ಎಂದಳು ಆಮೇಲೆ ಬಂದವಳು.

"ಮೂರು," ಎಂದಳು ತಾಳೆಯವಳು. ಮೂರನೆಯ ಸಲ ಪೂರ್ತಿ ಸಾಲು ಹೇಳಿ, ಪೂರ್ತಿ ಕೂಡಿ, ಐವತ್ತೊಂದು ಬರೆದು, "ತಾಳೆಯಿಲ್ಲ" ಎಂದು ಒರೆಸಿ, ತಟ್ಟೆಯನ್ನು ಜಗಲಿಯ ಗೋಡೆಗೆ ಒರಗಿಸಿಟ್ಟು ಎದ್ದಳು. ಇಪ್ಪತ್ತು ವರ್ಷದಲ್ಲಿ ಅವಳು ಬೇಕೆಂದೇ ಮಾಡಿದ ಲೆಕ್ಕದ ತಪ್ಪು ಅದೊಂದೇ. ಸಾಕ್ಷಿ ತನ್ನ ಕೆಲಸವನ್ನು ಸರಿಯಾಗಿ ಮಾಡಿತು, ತಪ್ಪನ್ನು ತಪ್ಪು ಎಂದಿತು.

ಯಾರೂ ತಡೆಯಲಿಲ್ಲ. ತಡೆಯುವುದು ಹೇಗೆ ಎಂದು ಯಾರಿಗೂ ತಿಳಿಯಲಿಲ್ಲ ಎನ್ನುವುದು ಸರಿಯಾದ ಮಾತು. ಹುಡುಗಿಯರಿಬ್ಬರೂ ಹೊಸ್ತಿಲವರೆಗೆ ಬಂದರು. ಹೊಸ್ತಿಲಿನಿಂದ ಆಚೆ ಕಾಲಿಟ್ಟರೆ ಮತ್ತೆ ಸಾಲು ಹೇಳಿ ಒಳಗೆ ಬರಬೇಕು, ಹೇಳಿದರೆ ಕೇಳುವವಳು ಜಗಲಿಯ ಮೇಲಿಲ್ಲ. ಅಲ್ಲೇ ನಿಂತರು. "ಗಂಜಿ ಇದೆ. ಇಬ್ಬರಿಗೂ ಸಾಕಾಗುತ್ತೆ," ಎಂದಳು ತಾಳೆಯವಳು. ತಿರುಗಿ ನೋಡದೆ ನಡೆದಳು.

ಹೊರಬಯಲಿನಲ್ಲಿ ಒಂದು ಮರವೂ ಇಲ್ಲ. ಅಲ್ಲಲ್ಲಿ ಚಾಪೆಗಳು, ಚಾಪೆಗಳ ಮೇಲೆ ಜನ. ಇವರಲ್ಲಿ ಎಷ್ಟು ಜನರನ್ನು ತಾನು ಕಳಿಸಿದ್ದೆನೋ ಅವಳಿಗೆ ನೆನಪಿಲ್ಲ. ಮುಖ ನೋಡಿದ್ದರಲ್ಲವೇ ನೆನಪಿರುವುದು. ಅವರೂ ಅವಳನ್ನು ಗುರುತು ಹಿಡಿದರೋ ಇಲ್ಲವೋ, ಬೈಯಲಿಲ್ಲ. ಒಬ್ಬ ಹೆಂಗಸು, ನರೆತ ತಲೆಯವಳು, ಕೂತಲ್ಲಿಂದಲೇ ಸ್ವಲ್ಪ ಸರಿದು ಚಾಪೆಯಲ್ಲಿ ಜಾಗ ಮಾಡಿಕೊಟ್ಟಳು.

"ಕೂತ್ಕೋ ತಾಯಿ. ಯಾವ ಅಂಕಿ ತಪ್ಪಿದ್ದು ನಿಂಗೆ?"

"ಕೊನೇದು."

"ಕೊನೇದನ್ನ ಯಾರೂ ತಪ್ಪಲ್ಲವಲ್ಲೇ! ಅದು ತಾನಾಗೇ ಬರುತ್ತೆ."

"ಹೌದು, ತಾನಾಗೇ ಬರುತ್ತೆ," ಎಂದಳು ತಾಳೆಯವಳು.

ಬಯಲಿನಲ್ಲಿ ಹೊಸಬರನ್ನು ಕೇಳಲು ಹೆಚ್ಚು ಪ್ರಶ್ನೆಗಳೇನೂ ಇರುವುದಿಲ್ಲ. ಒಳಗೆ ಯಾರಿದ್ದಾರೆ ಎಂದು ಕೇಳಬಹುದು, ಅಷ್ಟೆ.

"ಮಕ್ಕಳೆಷ್ಟು?"

ತಾಳೆಯವಳು ಎಣಿಸಲಿಲ್ಲ, ಕೂಡಲಿಲ್ಲ.

"ಇಬ್ಬರು," ಎಂದಳು.